ಐದು ನಿಮಿಷದ ಮಾರಿಯೋ: ಮೋಸವೋ, ಲೆಕ್ಕವೋ?

ಹೋದ ತಿಂಗಳು ಮಧ್ಯಾಹ್ನದ ಊಟದ ಬಿಡುವಿನಲ್ಲಿ ನಮ್ಮ ಒಂಬತ್ತನೇ ತರಗತಿಯ ಹುಡುಗರು ಬೇವಿನ ಮರದ ಕೆಳಗೆ ಗುಂಪುಗೂಡಿ ಕೂತಿದ್ದರು. ಅಷ್ಟು ಮಂದಿ ಒಂದೇ ಕಡೆ ಸದ್ದಿಲ್ಲದೆ ಕೂತಿದ್ದಾರೆಂದರೆ ಏನೋ ಆಗಬಾರದ್ದು ಆಗುತ್ತಿದೆ ಎಂದೇ ಅರ್ಥ. ಹೋಗಿ ನೋಡಿದರೆ ನಡುವೆ ಯಾರದೋ ಅಣ್ಣನ ಮೊಬೈಲು. ಬೈಯಬೇಕೆಂದು ಬಾಯಿ ತೆರೆದವರು ಪರದೆ ನೋಡಿ ಹಾಗೇ ನಿಂತುಬಿಟ್ಟೆವು. ಮಾರಿಯೋ! ಅದೇ ಕೆಂಪು ಟೋಪಿ, ಅದೇ ಇಟ್ಟಿಗೆ, ಅದೇ ಹಸಿರು ಕೊಳವೆ. ಆದರೆ ಈ ಮಾರಿಯೋ ಎಲ್ಲೂ ನಿಲ್ಲುತ್ತಿರಲಿಲ್ಲ. ಶತ್ರುವಿನ ತಲೆಗೂ ಇವನ ಕಾಲಿಗೂ ಕೂದಲೆಳೆಯ ಅಂತರ. ಗೋಡೆಯೊಳಗೇ ನುಗ್ಗಿ ಆ ಕಡೆ ಬರುತ್ತಿದ್ದ.

“ಸಾರ್, ಐದು ನಿಮಿಷದಾಗ ಪೂರ್ತಿ ಆಟ ಮುಗಿಸ್ಯಾನ ನೋಡ್ರಿ” ಎಂದ ಒಬ್ಬ. ಇನ್ನೊಬ್ಬ ತಕ್ಷಣ, “ಇದು ಮನುಷ್ಯ ಆಡಿದ್ದಲ್ಲ ಸಾರ್, ಕಂಪ್ಯೂಟರಿನಾಗ ನಿಲ್ಸಿ ನಿಲ್ಸಿ ಆಡಿದ್ದು. ಮೋಸ ಅಲ್ಲೇನ್ರಿ?” ಎಂದು ಕೇಳಿದ. ಎಲ್ಲರೂ ನಮ್ಮ ಮುಖ ನೋಡಿದರು. ಮೇಷ್ಟ್ರಿಗೆ ಉತ್ತರ ಗೊತ್ತಿರಲೇಬೇಕಲ್ಲ! ಗಂಟೆ ಹೊಡೆಯಿತು, ಬಚಾವಾದೆವು.

ಮಾರಿಯೋ ನಮಗೆ ಹಳೆಯ ಪರಿಚಯ. ತೊಂಬತ್ತರ ದಶಕದ ಬೇಸಿಗೆ ರಜೆಗಳಲ್ಲಿ ಆದೋನಿಯ ಸೋದರಮಾವನ ಮನೆಗೆ ಹೋದಾಗ ಗಂಟೆಗಿಷ್ಟು ಎಂದು ಕಾಸು ಕೊಟ್ಟು ಆಡಿದ್ದು. ಸಮುರಾಯ್, ಮೀಡಿಯಾ, ಲಿಟಲ್ ಮಾಸ್ಟರ್ ಎಂಬ ಹೆಸರಿನ ಪೆಟ್ಟಿಗೆಗಳನ್ನು ನಿಮ್ಮಲ್ಲಿ ನಮ್ಮ ವಯಸ್ಸಿನವರು ನೋಡಿರುತ್ತೀರಿ. ಅವೆಲ್ಲ ಜಪಾನಿನ ನಿಂಟೆಂಡೊ ಕಂಪನಿಯ ಆಟದ ಯಂತ್ರದ ನಕಲುಗಳು ಎಂದು ಆಗ ನಮಗೆ ಗೊತ್ತಿರಲಿಲ್ಲ. ಎಂಟನೇ ಲೋಕವನ್ನು ನಾವು ಒಮ್ಮೆಯೂ ಕಂಡವರಲ್ಲ, ಅಷ್ಟರಲ್ಲಿ ಗಂಟೆ ಮುಗಿಯುತ್ತಿತ್ತು ಇಲ್ಲವೇ ಕರೆಂಟು ಹೋಗುತ್ತಿತ್ತು.

ಹುಡುಗನ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೊರಟರೆ ಒಂದು ಇತಿಹಾಸವೇ ಸಿಕ್ಕಿತು. ನಾವು ಗಡಿಯವರು, ಇತಿಹಾಸ ಎಂದ ಕೂಡಲೇ ನಮಗೆ ನೆನಪಾಗುವುದು 1953ರಲ್ಲಿ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದ್ದು. ಇದು ಅಂಥ ಇತಿಹಾಸವಲ್ಲ. ಕಳೆದ ಇಪ್ಪತ್ತೈದು ಮೂವತ್ತು ವರ್ಷಗಳದ್ದು, ಅದೂ ಆಟದ್ದು. ಆದರೂ ಇದರಲ್ಲಿ ಸಾಕ್ಷಿ, ತೀರ್ಪು, ತಿದ್ದುಪಡಿ ಎಲ್ಲವೂ ಇದೆ. ಕನ್ನಡದಲ್ಲಿ ಓದಲು ನಮ್ಮ ಕೈಗೆ ಏನೂ ಸಿಗಲಿಲ್ಲವಾದ್ದರಿಂದ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಆ ಯಂತ್ರದ ಲೆಕ್ಕ. ಮಕ್ಕಳು ನೋಟ್‌ಬುಕ್ಕಿನ ಮೂಲೆಯಲ್ಲಿ ಹಾಳೆಗೊಂದರಂತೆ ಗೊಂಬೆ ಬರೆದು ಹೆಬ್ಬೆರಳಿನಿಂದ ಸರ್ರನೆ ಬಿಡುತ್ತಾರಲ್ಲ, ಗೊಂಬೆ ಓಡುತ್ತದೆ. ವಿಡಿಯೋ ಗೇಮೂ ಅಷ್ಟೆ. ಆ ಒಂದೊಂದು ಹಾಳೆಗೆ ಫ್ರೇಮ್ ಎನ್ನುತ್ತಾರೆ. 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಯಂತ್ರ ಸೆಕೆಂಡಿಗೆ ಸುಮಾರು 60 ಫ್ರೇಮ್ ತೋರಿಸುತ್ತದೆ. ಕೈಯಲ್ಲಿರುವ ಗುಂಡಿಗಳು ಎಂಟು: ನಾಲ್ಕು ದಿಕ್ಕು, ಎ, ಬಿ, ಸೆಲೆಕ್ಟ್, ಸ್ಟಾರ್ಟ್. ಪ್ರತಿ ಫ್ರೇಮಿನಲ್ಲಿ ಪ್ರತಿ ಗುಂಡಿ ಒತ್ತಿರಬಹುದು ಅಥವಾ ಬಿಟ್ಟಿರಬಹುದು. ಎಂಟನೇ ತರಗತಿಯ ಘಾತಾಂಕ ನೆನಪಿದ್ದರೆ ಲೆಕ್ಕ ಹಾಕಿ, ಎರಡರ ಎಂಟನೇ ಘಾತ 256. ಅಂದರೆ ಒಂದು ಸೆಕೆಂಡಿನೊಳಗೆ ಅರವತ್ತು ಸಲ, ಪ್ರತಿ ಸಲವೂ 256 ದಾರಿಗಳಲ್ಲಿ ಒಂದನ್ನು ಆರಿಸಬೇಕು. ನಮ್ಮ ಬೆರಳಿಗೆ ಅದು ಸಾಧ್ಯವಿಲ್ಲ, ನಾವು ಒತ್ತಿದ್ದು ಹೆಚ್ಚೂಕಡಿಮೆ ಆಗಿಯೇ ಆಗುತ್ತದೆ.

ಈಗ ಸಲಕರಣೆ. ಹಳೆಯ ಯಂತ್ರ ಮಾಡುವುದನ್ನೆಲ್ಲ ಕಂಪ್ಯೂಟರಿನೊಳಗೆ ಹಾಗೇ ಮಾಡಿ ತೋರಿಸುವ ಪ್ರೋಗ್ರಾಮಿಗೆ ಎಮ್ಯುಲೇಟರ್ ಎನ್ನುತ್ತಾರೆ. ಅದರಲ್ಲಿ ಆಟವನ್ನು ಒಂದೊಂದೇ ಫ್ರೇಮ್ ಮುಂದಕ್ಕೆ ತಳ್ಳಬಹುದು. ಎಲ್ಲಿ ಬೇಕಾದರೂ ಗುರುತು ಹಾಕಿಟ್ಟು, ತಪ್ಪಿದರೆ ಅಲ್ಲಿಗೇ ವಾಪಸ್ ಬರಬಹುದು. ಯಂತ್ರದ ನೆನಪಿನೊಳಗಿನ ಅಂಕಿಗಳನ್ನೂ ನೋಡಬಹುದು. ಮಾರಿಯೋ ಆಟದಲ್ಲಿ ಪರದೆಯ ಒಂದು ಚುಕ್ಕೆಯನ್ನು ಒಳಗೊಳಗೆ ಮತ್ತೆ 16 ಪಾಲು ಮಾಡಿರುತ್ತಾರೆ. ಜೋರಾಗಿ ಓಡುವ ಮಾರಿಯೋ ಒಂದು ಫ್ರೇಮಿಗೆ ಅಂಥ 40 ಪಾಲು, ಅಂದರೆ ಎರಡೂವರೆ ಚುಕ್ಕೆ ಸಾಗುತ್ತಾನೆ. ಇದು ಕಣ್ಣಿಗೆ ಕಾಣುವುದಿಲ್ಲ, ಅಂಕಿಯಲ್ಲಿ ಕಾಣುತ್ತದೆ. ಹೀಗೆ ಒಂದೊಂದೇ ಫ್ರೇಮಿಗೆ ಯಾವ ಗುಂಡಿ ಎಂದು ಆರಿಸಿ ಕಟ್ಟಿದ ಓಟಕ್ಕೆ ಟೂಲ್ ಅಸಿಸ್ಟೆಡ್ ಸ್ಪೀಡ್‌ರನ್, ಚಿಕ್ಕದಾಗಿ ಟಾಸ್ ಎಂದು ಹೆಸರು. ಸಲಕರಣೆಯ ನೆರವಿನಿಂದ ಕಟ್ಟಿದ ವೇಗದ ಓಟ ಎಂದಿಟ್ಟುಕೊಳ್ಳಿ.

ಇಲ್ಲಿ ಒಂದು ಮುಖ್ಯ ಮಾತು. ಟಾಸ್ ಎಂದರೆ ವಿಡಿಯೋ ಅಲ್ಲ. ನಾವು ಮೊಬೈಲಿನಲ್ಲಿ ನೋಡುವುದು ಅದರ ನೆರಳು. ನಿಜವಾದ ವಸ್ತು ಒಂದು ಚಿಕ್ಕ ಫೈಲು. ಅದರಲ್ಲಿ ಇರುವುದು ಇಷ್ಟೆ: ಮೊದಲ ಫ್ರೇಮಿನಲ್ಲಿ ಏನೂ ಒತ್ತಿಲ್ಲ, ಮುಂದಿನದರಲ್ಲಿ ಬಲಕ್ಕೆ ಮತ್ತು ಬಿ, ಅದರ ಮುಂದಿನದರಲ್ಲಿ ಬಲಕ್ಕೆ, ಬಿ ಮತ್ತು ಎ... ಹೀಗೆ ಸಾವಿರಾರು ಸಾಲು. ನಮ್ಮ ಪಕ್ಕದ ಎಮ್ಮಿಗನೂರಿನವರಿಗೆ ಇದನ್ನು ವಿವರಿಸುವುದು ಸುಲಭ. ಮಾಚಾನಿ ಸೋಮಪ್ಪನವರು 1938ರಲ್ಲಿ ನೇಕಾರರ ಸಹಕಾರ ಸಂಘ ಕಟ್ಟಿದ ಊರು ಅದು. ಜಕಾರ್ಡ್ ಮಗ್ಗದ ಮೇಲೆ ತೂತು ಹೊಡೆದ ರಟ್ಟುಗಳ ಮಾಲೆ ತೂಗುತ್ತಿರುತ್ತದೆ ನೋಡಿ. ಆ ರಟ್ಟಿನಲ್ಲಿ ಹೂವಿಲ್ಲ, ಬಳ್ಳಿಯಿಲ್ಲ, ಬರೀ ತೂತು. ಅದನ್ನು ಮಗ್ಗಕ್ಕೆ ಹಾಕಿದರೆ ಪ್ರತಿ ಸಲವೂ ಅದೇ ಹೂವು ಬರುತ್ತದೆ. ಒಂದು ತೂತು ಆಚೀಚೆ ಆದರೆ ವಿನ್ಯಾಸ ಕೆಟ್ಟಿತು. ಟಾಸ್ ಫೈಲು ಆ ರಟ್ಟಿನ ಮಾಲೆಯಂತೆ. ಬೇರೆಯವರು ತಮ್ಮ ಕಂಪ್ಯೂಟರಿಗೆ ಹಾಕಿ ಆಡಿಸಿದರೆ ಅದೇ ಓಟ ಬರಬೇಕು. ಬರದಿದ್ದರೆ ಅದು ಓಟವೇ ಅಲ್ಲ.

ಈ ರೀತಿ ಗುಂಡಿಗಳ ಪಟ್ಟಿಯನ್ನು ಉಳಿಸಿಡುವ ಪದ್ಧತಿಯನ್ನು ಬಹಳ ಜನರಿಗೆ ಪರಿಚಯಿಸಿದ್ದು 1993ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಬಂದ ಡೂಮ್ ಎಂಬ ಕಂಪ್ಯೂಟರ್ ಆಟ. ಆಡಿದ್ದನ್ನು ದಾಖಲಿಸುವ ವ್ಯವಸ್ಥೆ ಅದರೊಳಗೇ ಇತ್ತು. ಆಟಗಾರರು ಯಾರು ಬೇಗ ಮುಗಿಸುತ್ತಾರೆ ಎಂದು ಫೈಲುಗಳನ್ನು ಒಬ್ಬರಿಗೊಬ್ಬರು ಕಳಿಸಲು ಶುರು ಮಾಡಿದರು. 1997ರ ಕೊನೆಗೆ ಡೂಮ್ ತಯಾರಿಸಿದವರು ಅದರ ಮೂಲ ಪ್ರೋಗ್ರಾಮನ್ನೇ ಎಲ್ಲರಿಗೂ ಬಿಟ್ಟುಕೊಟ್ಟರು. ಅದನ್ನು ತಿದ್ದಿ, ನಿಧಾನವಾಗಿ ಆಡಿ, ತಪ್ಪಾದಲ್ಲಿ ಹಿಂದೆ ಹೋಗಿ ಮತ್ತೆ ಆಡುವಂತೆ ಮಾಡಿದ ಓಟಗಳು 1999ರಲ್ಲಿ ಬಂದವು. ಸಲಕರಣೆ ನೆರವಿನ ಓಟ ಎಂಬ ಹೆಸರೂ ಅಲ್ಲಿಂದಲೇ ಬಳಕೆಗೆ ಬಂತು. ಗಮನಿಸಿ, ಅವರು ಹೆಸರಿನಲ್ಲೇ ಸಲಕರಣೆ ಎಂದು ಹೇಳಿಕೊಂಡಿದ್ದರು. ಮುಚ್ಚುಮರೆ ಇರಲಿಲ್ಲ.

ಗಲಾಟೆ ಎದ್ದಿದ್ದು 2003ರಲ್ಲಿ. ಮೊರಿಮೊಟೊ ಎಂಬ ಹೆಸರಿನ ಜಪಾನಿ ಆಟಗಾರ ಸೂಪರ್ ಮಾರಿಯೋ ಬ್ರದರ್ಸ್ 3 ಎಂಬ ಆಟವನ್ನು ಹನ್ನೊಂದು ನಿಮಿಷ ಚಿಲ್ಲರೆಯಲ್ಲಿ ಮುಗಿಸಿದ. ವಿಡಿಯೋ ಜಗತ್ತಿನ ತುಂಬ ಹರಡಿತು. ಒಂದು ಭಾಗದಲ್ಲಿ ಪರದೆ ತಾನೇ ನಿಧಾನವಾಗಿ ಸರಿಯುತ್ತದೆ, ಮಾರಿಯೋ ಎಷ್ಟು ಓಡಿದರೂ ಬೇಗ ಮುಗಿಯದು. ಅಲ್ಲಿ ಇವನು ಸುಮ್ಮನೆ ನಿಲ್ಲದೆ ಶತ್ರುಗಳ ತಲೆಯಿಂದ ತಲೆಗೆ ಜಿಗಿದು, ನೆಲವನ್ನೇ ಮುಟ್ಟದೆ, ಪ್ರಾಣಗಳನ್ನು 99ಕ್ಕೆ ಏರಿಸುತ್ತಾನೆ. ನಾವು ನೋಡಿದೆವು, ನಕ್ಕೆವು. ಕಾಲ ಉಳಿಸಲು ಆಗದ ಕಡೆ ನೋಡುವವರನ್ನು ನಗಿಸೋಣ ಎಂಬ ಆ ಬುದ್ಧಿ ನಮಗೆ ಬಹಳ ಹಿಡಿಸಿತು.

ಜಗತ್ತು ಮಾತ್ರ ಮೊದಲು ಬೆರಗಾಯಿತು, ಆಮೇಲೆ ಸಿಟ್ಟಾಯಿತು. ಅದು ಕೈಯಿಂದ ಒಂದೇ ಉಸಿರಿನಲ್ಲಿ ಆಡಿದ್ದೆಂದು ಜನ ನಂಬಿದ್ದರು. ಎಮ್ಯುಲೇಟರಿನಲ್ಲಿ ಸಾವಿರಾರು ಸಲ ಹಿಂದೆ ಹೋಗಿ ಕಟ್ಟಿದ್ದೆಂದು ತಿಳಿದಾಗ ‘ಮೋಸಗಾರ’ ಎಂದು ಕೂಗಿದರು. ಮೊರಿಮೊಟೊ ಮಾತ್ರ ತನ್ನ ಕಡೆಯಿಂದ ಹೇಗೆ ಮಾಡಿದೆನೆಂದು ಜಪಾನಿ ಭಾಷೆಯಲ್ಲಿ ಬರೆದೇ ಇದ್ದ. ವಿಡಿಯೋ ಕೈಯಿಂದ ಕೈಗೆ ದಾಟುವಾಗ ಆ ಬರಹ ಹಿಂದೆ ಉಳಿಯಿತು, ಓಟ ಮಾತ್ರ ಮುಂದೆ ಹೋಯಿತು. ಪರಭಾಷೆಯಲ್ಲಿ ಬರೆದ ವಿವರಣೆ ಓದಲಾಗದೆ ಜನ ತಪ್ಪು ತಿಳಿಯುವುದು ಗಡಿನಾಡಿನ ನಮಗೇನು ಹೊಸದೇ? ನಮ್ಮ ಮಕ್ಕಳ ಟಿ.ಸಿ. ತೆಗೆದುಕೊಂಡು ಹೋದವರನ್ನು ಕೇಳಿ.

ಫಿನ್ಲೆಂಡಿನ ಜೋಯೆಲ್ ಇಲಿಲುವೊಮಾ ಎಂಬ ಪ್ರೋಗ್ರಾಮರ್ ಈ ಓಟವನ್ನು ನೋಡಿ ಸಿಟ್ಟಾಗುವ ಬದಲು 2003ರ ಡಿಸೆಂಬರಿನಲ್ಲಿ ಇಂಥ ಓಟಗಳಿಗೆಂದೇ ಒಂದು ಭಂಡಾರ ತೆರೆದರು. ಬಿಸ್ಕ್ವಿಟ್ ಎಂಬುದು ಅವರು ಆಟಗಾರರ ನಡುವೆ ಇಟ್ಟುಕೊಂಡ ಹೆಸರು. ಮೊದಲು ಭಂಡಾರದ ಹೆಸರು ನೆಸ್‌ವಿಡಿಯೋಸ್, 2006ರಲ್ಲಿ ಟಾಸ್‌ವಿಡಿಯೋಸ್ ಎಂದಾಯಿತು. ಪ್ರತಿ ಓಟದ ಜೊತೆಗೂ ಇದು ಸಲಕರಣೆಯಿಂದ ಕಟ್ಟಿದ್ದು ಎಂದು ತೋರಿಸಬೇಕು, ಎಷ್ಟು ಸಲ ಹಿಂದೆ ಹೋಗಿ ಮತ್ತೆ ದಾಖಲಿಸಿದ್ದೆಂಬ ಸಂಖ್ಯೆಯನ್ನೂ ಹೇಳಬೇಕು ಎಂಬುದು ಅಲ್ಲಿನ ವಾಡಿಕೆ. ಮೊರಿಮೊಟೊ ಓಟದ ಈ ಸಂಖ್ಯೆ ನಲವತ್ತು ಸಾವಿರದ ಮೇಲೆ. ನಮ್ಮ ಮಕ್ಕಳು ಮಗ್ಗಿಯನ್ನು ನಾಲ್ಕನೇ ಸಲ ಬರೆಯಿರಿ ಎಂದರೆ ಮುಖ ತಿರುಗಿಸುತ್ತಾರೆ.

ಇನ್ನು ಹುಡುಗನ ಪ್ರಶ್ನೆಗೆ ಬರೋಣ. ಮೋಸವೇ? ಇದಕ್ಕೆ ಉತ್ತರ ನಮಗೆ ತುಳುನಾಡಿನ ಕಂಬಳದಲ್ಲಿ ಸಿಕ್ಕಿತು. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡ ಎಂಬ ಓಟಗಾರ ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ನಿಮಗೆ ನೆನಪಿರಬಹುದು. ಯಾರೋ ಭಾಗಾಕಾರ ಮಾಡಿ ನೂರು ಮೀಟರಿಗೆ 9.55 ಎಂದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ ಓಡಿದ 9.58ಕ್ಕಿಂತ ಕಡಿಮೆ! ದೇಶವೆಲ್ಲ ಸುದ್ದಿ. ಕ್ರೀಡಾ ಸಚಿವರು ಪರೀಕ್ಷೆಗೆ ಕರೆದರು. ಗೌಡರೇ ಒಪ್ಪಲಿಲ್ಲ; ಕೆಸರುಗದ್ದೆಯಲ್ಲಿ ಕೋಣಗಳ ಜೊತೆ ಓಡುವುದೇ ಬೇರೆ, ಟ್ರ್ಯಾಕಿನಲ್ಲಿ ಓಡುವುದೇ ಬೇರೆ ಎಂದರು. ಆ ಗದ್ದಲದಲ್ಲಿ ಸರಿಯಾದ ತೀರ್ಪು ಕೊಟ್ಟವರು ಅವರೊಬ್ಬರೇ ಎಂದು ನಮ್ಮ ಅಭಿಪ್ರಾಯ. ಮುಂದೆ ಕೋಣ ಎಳೆಯುತ್ತಿರುವ ಓಟ ಮೋಸವಲ್ಲ, ಅದನ್ನು ಕೋಣವಿಲ್ಲದ ಓಟದ ಪಟ್ಟಿಗೆ ಸೇರಿಸಿದರೆ ಮೋಸ. ಟಾಸ್ ಕೂಡ ಹಾಗೆಯೇ. ಕೈಯಿಂದ ಆಡಿದವರ ಪಟ್ಟಿ ಬೇರೆ, ಇವರ ಪಟ್ಟಿ ಬೇರೆ. ಒಂದರದ್ದನ್ನು ಕದ್ದು ಇನ್ನೊಂದಕ್ಕೆ ತಂದವರನ್ನು ಎರಡೂ ಕಡೆಯವರು ಹೊರಗೆ ಹಾಕುತ್ತಾರೆ.

ಹಾಗಾದರೆ ಸಲಕರಣೆ ಇದ್ದ ಮೇಲೆ ಸ್ಪರ್ಧೆ ಎಲ್ಲಿ ಬಂತು, ಎಲ್ಲರೂ ಅಷ್ಟೇ ವೇಗವಾಗಿ ಕಟ್ಟಬಹುದಲ್ಲ ಎಂದು ನಮಗೂ ಅನಿಸಿತ್ತು. ಅಲ್ಲೇ ಸ್ವಾರಸ್ಯ ಇರುವುದು.

ಓಟ ಕಟ್ಟಿದವನು ಫೈಲನ್ನೂ ಜೊತೆಗೆ ವಿವರಣೆಯನ್ನೂ ಸಲ್ಲಿಸುತ್ತಾನೆ. ತೀರ್ಪುಗಾರ ಮೊದಲು ತನ್ನ ಕಂಪ್ಯೂಟರಿನಲ್ಲಿ ಅದನ್ನು ಆಡಿಸಿ ನೋಡುತ್ತಾನೆ. ಆಟದ ಪ್ರತಿ ತಿದ್ದದ ಮೂಲ ಪ್ರತಿಯೇ? ಯಂತ್ರ ಹಾಕಿದ ಕ್ಷಣದಿಂದ ಶುರುವಾಗಿದೆಯೇ, ಇಲ್ಲ ನಡುವಿನಿಂದ ಬಂದಿದೆಯೇ? ಯಾವ ದೇಶದ ಪ್ರತಿ? ಏಕೆಂದರೆ ಜಪಾನ್, ಅಮೆರಿಕದ ಯಂತ್ರ ಸೆಕೆಂಡಿಗೆ 60 ಫ್ರೇಮ್ ಓಡಿದರೆ ಯುರೋಪಿನದು 50 ಓಡುತ್ತದೆ, ಎರಡನ್ನೂ ಒಂದೇ ಗಡಿಯಾರದಲ್ಲಿ ಅಳೆಯುವ ಹಾಗಿಲ್ಲ. ಆಮೇಲೆ ಈ ಆಟದಲ್ಲಿ ಹಿಂದೆ ಯಾರು ಎಷ್ಟು ಬೇಗ ಮುಗಿಸಿದ್ದಾರೆ ಎಂದು ಹುಡುಕುತ್ತಾನೆ. ಕೈಯಿಂದ ಆಡಿದ ಯಾರಾದರೂ ಇದಕ್ಕಿಂತ ಬೇಗ ಮುಗಿಸಿದ್ದರೆ ಸಲ್ಲಿಕೆ ಅಲ್ಲಿಗೇ ನಿಂತಿತು. ಬರೀ ಒಟ್ಟು ಕಾಲ ನೋಡುವುದಿಲ್ಲ; ಒಂದೊಂದು ಹಂತವನ್ನೂ ಬೇರೆಬೇರೆ ಹೋಲಿಸುತ್ತಾನೆ. ಹೊಸಬನ ಓಟ ಒಟ್ಟಿನಲ್ಲಿ ಮುಂದಿದ್ದರೂ ಮೂರನೇ ಹಂತದಲ್ಲಿ ಹಳೆಯವನಿಗಿಂತ ಎಂಟು ಫ್ರೇಮ್ ಹಿಂದಿದ್ದರೆ, ಯಾಕೆ ಎಂಬ ಪ್ರಶ್ನೆ ಬರುತ್ತದೆ. ಕಾರಣ ಹೇಳಬೇಕು. ಇಲ್ಲದಿದ್ದರೆ ತಿದ್ದಿ ತಾ ಎಂದು ವಾಪಸ್. ಒಪ್ಪಲಿ ಬಿಡಲಿ, ತೀರ್ಪುಗಾರ ಕಾರಣವನ್ನು ಬರೆದು ಇಡುತ್ತಾನೆ, ಆ ತೀರ್ಪನ್ನೂ ಯಾರು ಬೇಕಾದರೂ ಓದಿ ಪ್ರಶ್ನಿಸಬಹುದು. (ಪಬ್ಲಿಕ್ ಪರೀಕ್ಷೆಯ ಪೇಪರ್ ತಿದ್ದುವಾಗ ಹೀಗೆ ಪ್ರತಿ ಅಂಕಕ್ಕೂ ಕಾರಣ ಬರೆಯಬೇಕೆಂದರೆ ನಮ್ಮಲ್ಲಿ ಎಷ್ಟು ಮಂದಿ ಒಪ್ಪುತ್ತೇವೋ!)

ಹಳೆಯ ಓಟದ ಫೈಲನ್ನು ತೆರೆದು, ಚೆನ್ನಾಗಿರುವ ಭಾಗವನ್ನು ಅವನ ಹೆಸರು ಹೇಳಿ ಹಾಗೇ ಬಳಸಿಕೊಳ್ಳುವುದಕ್ಕೂ ಅಡ್ಡಿಯಿಲ್ಲ. ಆಮೇಲೆ ಹತ್ತು ಫ್ರೇಮ್ ಉಳಿಸಿದರೂ ಹಳೆಯದರ ಜಾಗಕ್ಕೆ ಹೊಸದು ಬರುತ್ತದೆ, ಹಳೆಯದನ್ನು ಮಾತ್ರ ಅಳಿಸುವುದಿಲ್ಲ. ಮೊರಿಮೊಟೊ ಓಟಕ್ಕೂ ಹಾಗೇ ಆಯಿತು. ಬೇರೆಯವರು ಅದನ್ನು ಹತ್ತೂವರೆ ನಿಮಿಷಕ್ಕಿಂತ ಕೆಳಗೆ ತಂದರು. ಕೆಲವರು ಯಂತ್ರದ ನೆನಪನ್ನೇ ಕೆಡಿಸಿ ನೇರವಾಗಿ ಕೊನೆಗೆ ಹಾರುವ ದಾರಿ ಕಂಡುಹಿಡಿದಾಗ ಅದನ್ನು ಇದರೊಡನೆ ಹೋಲಿಸದೆ ಬೇರೆ ಶಾಖೆ ಮಾಡಿದರು. ಇನ್ನೊಂದು ತಕರಾರು ಬಹಳ ವರ್ಷ ನಡೆಯಿತು. ವೇಗವಾಗಿದೆ, ಆದರೆ ನೋಡಲು ಬೇಸರ ಎಂಬ ಓಟವನ್ನು ಒಪ್ಪಬೇಕೇ? ಮೊದಮೊದಲು ಒಪ್ಪುತ್ತಿರಲಿಲ್ಲ, ನೋಡುಗರ ಮತವೇ ದೊಡ್ಡದಾಗಿತ್ತು. 2012ರಲ್ಲಿ ಅಂಥವುಗಳಿಗೂ ಒಂದು ವಿಭಾಗ ತೆರೆದರು. ನಮ್ಮ ಮಟ್ಟಿಗೆ ಅದು ಒಳ್ಳೆಯ ನಿರ್ಧಾರ. ಬೇಸರ ಎಂಬುದು ನೋಡುವವನ ಸಮಸ್ಯೆ, ಲೆಕ್ಕದ ತಪ್ಪಲ್ಲ.

ಸುಧಾರಣೆ ಎಷ್ಟು ಕಷ್ಟ ಎಂಬುದಕ್ಕೆ ನಮ್ಮ ಹುಡುಗರು ನೋಡಿದ ಮೊದಲನೇ ಸೂಪರ್ ಮಾರಿಯೋ ಬ್ರದರ್ಸನ್ನೇ ತೆಗೆದುಕೊಳ್ಳಿ. 1985ರ ಆಟ. ಹ್ಯಾಪಿಲೀ ಎಂಬ ಹೆಸರಿನ ಆಟಗಾರ 2011ರಲ್ಲಿ ಕಟ್ಟಿದ ಓಟ 4 ನಿಮಿಷ 57.31 ಸೆಕೆಂಡ್, ಅಂದರೆ 17,868 ಫ್ರೇಮ್. ಈ ಆಟದಲ್ಲಿ ಒಂದು ವಿಚಿತ್ರ ಕಟ್ಟಳೆ ಇದೆ. ಹಂತ ಮುಗಿದ ಮೇಲೆ ಮುಂದಿನ ಹಂತಕ್ಕೆ ಬಿಡಬಹುದೇ ಎಂದು ಯಂತ್ರ 21 ಫ್ರೇಮಿಗೆ ಒಮ್ಮೆ ಮಾತ್ರ ನೋಡುತ್ತದೆ. ಪರೀಕ್ಷೆಯಲ್ಲಿ ಅರ್ಧ ಗಂಟೆಗೊಮ್ಮೆ ಗಂಟೆ ಹೊಡೆಯುತ್ತಾರಲ್ಲ, ಗಂಟೆ ಹೊಡೆದಾಗ ಮಾತ್ರ ಹೊರಗೆ ಬಿಡುತ್ತೇವೆ ಎಂದುಕೊಳ್ಳಿ. ಹತ್ತು ನಿಮಿಷ ಮೊದಲು ಬರೆದು ಮುಗಿಸಿದವನೂ ಒಂದು ನಿಮಿಷ ಮೊದಲು ಮುಗಿಸಿದವನೂ ಒಟ್ಟಿಗೇ ಹೊರಗೆ ಬರುತ್ತಾರೆ. ಹಾಗೆಯೇ ಇಲ್ಲಿ ಒಂದು ಹಂತದಲ್ಲಿ ಕಷ್ಟಪಟ್ಟು ಐದಾರು ಫ್ರೇಮ್ ಉಳಿಸಿದರೂ ಹಿಂದಿನ ಗಂಟೆ ಸಿಗದಿದ್ದರೆ ಲಾಭ ಸೊನ್ನೆ. ಸಿಕ್ಕರೆ ಒಂದೇ ಏಟಿಗೆ 21 ಫ್ರೇಮ್, ಸುಮಾರು 0.35 ಸೆಕೆಂಡ್. ಕೊನೆಯ ಹಂತದಲ್ಲಿ ಮಾತ್ರ ಗಂಟೆಯ ಕಾಟವಿಲ್ಲ, ಒಂದೊಂದು ಫ್ರೇಮೂ ಲೆಕ್ಕಕ್ಕೆ ಬರುತ್ತದೆ.

ಅದೃಷ್ಟದ ಕಥೆಯೂ ಹೀಗೇ. ಅನೇಕ ಹಳೆಯ ಆಟಗಳಲ್ಲಿ ಶತ್ರು ಎಡಕ್ಕೆ ಬರುತ್ತಾನೋ ಬಲಕ್ಕೋ ಎಂಬುದು ನಮಗೆ ಅದೃಷ್ಟದಂತೆ ಕಾಣುತ್ತದೆ. ಯಂತ್ರದೊಳಗೆ ದಾಳವೇನೂ ಇಲ್ಲ. ಎಷ್ಟು ಫ್ರೇಮ್ ಕಳೆದಿದೆ, ಯಾವ ಗುಂಡಿ ಒತ್ತಿದೆ ಎಂಬುದರಿಂದ ಒಂದು ಅಂಕಿ ಹುಟ್ಟುತ್ತದೆ. ಒಂದು ಫ್ರೇಮ್ ಕಾದು ಒತ್ತಿದರೆ ಶತ್ರು ಬೇರೆ ಕಡೆ ಹೋಗುತ್ತಾನೆ. ಹೀಗಾಗಿ ಅದೃಷ್ಟವನ್ನೂ ಆರಿಸಿಕೊಳ್ಳಬಹುದು. ಆದರೆ ಮೊದಲಲ್ಲಿ ಒಂದು ಫ್ರೇಮ್ ಉಳಿಸಿದರೆ ಮುಂದಿನ ಅದೃಷ್ಟವೆಲ್ಲ ಪಲ್ಲಟವಾಗುತ್ತದೆ, ಉಳಿದ ಓಟವನ್ನು ಮತ್ತೆ ಕಟ್ಟಬೇಕು. ಒಂದು ತೂತು ಸರಿಸಿದ್ದಕ್ಕೆ ಇಡೀ ರಟ್ಟಿನ ಮಾಲೆಯನ್ನೇ ಹೊಸದಾಗಿ ಹೊಡೆದಂತೆ.

ಎಮ್ಯುಲೇಟರೇ ಸುಳ್ಳು ಹೇಳಿದರೆ ಎಂಬ ಅನುಮಾನವೂ ಇತ್ತು, ಅದು ಸುಳ್ಳೂ ಅಲ್ಲ. ಮೊರಿಮೊಟೊ ಬಳಸಿದ ಫ್ಯಾಮ್ಟೇಸಿಯಾ ನಿಜವಾದ ಯಂತ್ರವನ್ನು ಅಷ್ಟು ನಿಖರವಾಗಿ ಅನುಕರಿಸುತ್ತಿರಲಿಲ್ಲ, ಮುಂದೆ ಅದರಲ್ಲಿ ಕಟ್ಟಿದ್ದನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದರು. ಇನ್ನೂ ಗಟ್ಟಿ ಸಾಕ್ಷಿ ಬೇಕೆಂದು ಕೆಲವರು ಫೈಲಿನ ಗುಂಡಿಗಳನ್ನು ನಿಜವಾದ ಹಳೆಯ ಯಂತ್ರಕ್ಕೇ ತಂತಿಯ ಮೂಲಕ ಕಳಿಸುವ ಉಪಕರಣ ಮಾಡಿದರು. 2014ರ ಜನವರಿಯಲ್ಲಿ ಅಮೆರಿಕದಲ್ಲಿ ಕ್ಯಾನ್ಸರ್ ತಡೆ ಸಂಸ್ಥೆಗೆ ಹಣ ಕೂಡಿಸುವ ಆಟದ ಮೇಳದಲ್ಲಿ ಟಾಸ್‌ಬಾಟ್ ಎಂಬ ಅಂಥ ಉಪಕರಣ ಸೂಪರ್ ಮಾರಿಯೋ ವರ್ಲ್ಡ್ ಆಟದೊಳಗೆ ಬರೀ ಗುಂಡಿಗಳ ಮೂಲಕವೇ ಹೊಸ ಪ್ರೋಗ್ರಾಮ್ ಬರೆದು, ಮಾರಿಯೋ ಪರದೆಯ ಮೇಲೆ ಹಾವಿನ ಆಟ ತೋರಿಸಿತು. ಜನ ಎದ್ದು ಕೂಗಿದರು.

ಕೈಯಿಂದ ಆಡುವವರಿಗೆ ಇದರಿಂದ ನಷ್ಟವೇನೂ ಆಗಲಿಲ್ಲ. ಬಾವುಟದ ಕಂಬವನ್ನು ಬಾವುಟ ಇಳಿಯದಂತೆ ಹಿಡಿದು ಕಾಲ ಉಳಿಸುವ ಉಪಾಯ ಬಹಳ ವರ್ಷ ಸಲಕರಣೆಗೆ ಮಾತ್ರ ಸಾಧ್ಯ ಎಂದು ತಿಳಿದಿದ್ದರು. ಸಾಧ್ಯವಿದೆ ಎಂದು ಕಣ್ಣಾರೆ ಕಂಡ ಮೇಲೆ ಹುಡುಗರು ಅಭ್ಯಾಸ ಮಾಡಿ ಬೆರಳಿಗೆ ತಂದುಕೊಂಡರು. 2021ರ ಏಪ್ರಿಲಿನಲ್ಲಿ ನಿಫ್ಟ್‌ಸ್ಕಿ ಎಂಬ ಹೆಸರಿನ ಯುವಕ 4 ನಿಮಿಷ 54.948 ಸೆಕೆಂಡಿನಲ್ಲಿ ಮುಗಿಸಿ, 4:55ರ ಕೆಳಗೆ ಇಳಿದ ಮೊದಲ ಮನುಷ್ಯನಾದ. 2023ರ ಸೆಪ್ಟೆಂಬರಿನಲ್ಲಿ ಅವನೇ 4:54.631ಕ್ಕೆ ಬಂದ. ಏನು, ಮನುಷ್ಯ ಸಲಕರಣೆಯ 4:57ನ್ನೂ ದಾಟಿದನೇ ಎಂದು ನೀವು ಕೇಳುತ್ತೀರಿ, ನಾವೂ ಗಲಿಬಿಲಿಯಾದೆವು. ಅಳತೆಗೋಲು ಬೇರೆ. ಟಾಸ್‌ನವರು ಯಂತ್ರ ಹಾಕಿದಾಗಿನಿಂದ ಕೊನೆಯ ಗುಂಡಿಯವರೆಗೆ ಎಣಿಸುತ್ತಾರೆ, ಕೈಯಿಂದ ಆಡುವವರು ಮಾರಿಯೋ ಆಟ ಶುರುವಾದಾಗಿನಿಂದ ಕೊನೆಯ ಕೊಡಲಿ ಮುಟ್ಟುವವರೆಗೆ. ಈ ಎರಡನೇ ಕೋಲಿನಲ್ಲಿ ಅಳೆದರೆ ಸಲಕರಣೆಯ ಓಟ ಸುಮಾರು 4:54.26. ಅಂದರೆ ಮನುಷ್ಯನಿಗೂ ಅದಕ್ಕೂ ಅರ್ಧ ಸೆಕೆಂಡೂ ಇಲ್ಲ, 2023ರ ನಂತರ ಅದು ಇನ್ನೂ ಕಿರಿದಾಗಿದೆ.

ನಮ್ಮನ್ನು ನಿದ್ದೆಗೆಡಿಸಿದ್ದು ಮಾತ್ರ ಇನ್ನೊಂದು ಪ್ರಕರಣ. 1980ರಲ್ಲಿ ಆಕ್ಟಿವಿಷನ್ ಕಂಪನಿ ಡ್ರ್ಯಾಗ್‌ಸ್ಟರ್ ಎಂಬ ಕಾರೋಟದ ಆಟ ತಂದಿತು. ಇಡೀ ಆಟವೇ ಐದಾರು ಸೆಕೆಂಡು. ಆರು ಸೆಕೆಂಡಿಗಿಂತ ಬೇಗ ಮುಗಿಸಿ ಟಿವಿ ಪರದೆಯ ಫೋಟೋ ಕಳಿಸಿದವರಿಗೆ ಕಂಪನಿ ಬಟ್ಟೆಯ ಬಿಲ್ಲೆ ಕೊಡುತ್ತಿತ್ತು. 1982ರಲ್ಲಿ ಅಮೆರಿಕದ ಟಾಡ್ ರಾಜರ್ಸ್ 5.51 ಸೆಕೆಂಡ್ ಎಂದು ದಾಖಲೆ ಮಾಡಿದರು. ಕಂಪನಿ ಒಪ್ಪಿತು. ವಾಲ್ಟರ್ ಡೇ 1981ರಲ್ಲಿ ಅಯೋವಾದ ಒಟಮ್ವಾ ಎಂಬ ಊರಿನಲ್ಲಿ ಶುರುಮಾಡಿದ ಟ್ವಿನ್ ಗ್ಯಾಲಕ್ಸೀಸ್ ಎಂಬ ದಾಖಲೆ ಸಂಸ್ಥೆಯ ಪಟ್ಟಿಗೂ ಸೇರಿತು, ಗಿನ್ನೆಸ್ ಪುಸ್ತಕಕ್ಕೂ ಹೋಯಿತು. ಬೇರೆ ಯಾರಿಗೂ ಅದನ್ನು ಮುಟ್ಟಲಾಗಲಿಲ್ಲ. ಮೂವತ್ತೈದು ವರ್ಷ!

2017ರಲ್ಲಿ ಓಮ್ನಿಗೇಮರ್ ಎಂಬ ಹೆಸರಿನಲ್ಲಿ ಆಡುವ ಎರಿಕ್ ಕೋಝಿಯೆಲ್ ಆಟದ ಒಳಗಿನ ಪ್ರೋಗ್ರಾಮನ್ನೇ ಸಾಲುಸಾಲಾಗಿ ಓದಿ, ಲೆಕ್ಕದ ಹಾಳೆಯಲ್ಲಿ ಇಡೀ ಆಟವನ್ನು ಮತ್ತೆ ಕಟ್ಟಿದರು. ಯಾವ ಫ್ರೇಮಿನಲ್ಲಿ ಯಾವ ಗುಂಡಿ ಒತ್ತಿದರೂ ಸಿಗಬಹುದಾದ ಅತಿ ಕಡಿಮೆ ಕಾಲ 5.57 ಎಂದು ಬಂತು. ರಾಜರ್ಸ್ ತಾವು ಎರಡನೇ ಗೇರಿನಲ್ಲಿ ಹೊರಟೆವೆಂದು ವಿವರಿಸಿದ್ದರು. ಆಟದ ಪ್ರೋಗ್ರಾಮ್ ಅದಕ್ಕೆ ಅವಕಾಶವನ್ನೇ ಕೊಡುವುದಿಲ್ಲ ಎಂಬುದೂ ಕಂಡಿತು. 2018ರ ಜನವರಿಯಲ್ಲಿ ಟ್ವಿನ್ ಗ್ಯಾಲಕ್ಸೀಸ್ ಅವರ ಎಲ್ಲ ದಾಖಲೆಗಳನ್ನೂ ತೆಗೆಯಿತು, ಗಿನ್ನೆಸ್‌ನವರೂ ತೆಗೆದರು. ನೋಡಿ, 2003ರಲ್ಲಿ ಮೋಸ ಮೋಸ ಎಂದು ಜನ ಬೈದ ಅದೇ ಫ್ರೇಮ್ ಎಣಿಸುವ ವಿದ್ಯೆ ಕೊನೆಗೆ ಕೈಯಿಂದ ಆಡಿದ್ದೆಂದು ಎಲ್ಲರೂ ನಂಬಿದ್ದ ದಾಖಲೆಯನ್ನು ಕೆಡವಿತು. ಆ ಮೂವತ್ತೈದು ವರ್ಷದಲ್ಲಿ 5.57 ಮುಟ್ಟಿದವರು, ಅಂದರೆ ಸಾಧ್ಯವಿದ್ದ ಕೊನೆಯನ್ನೇ ಮುಟ್ಟಿದವರು ತಾವು ಎರಡನೆಯವರೆಂದೇ ತಿಳಿದಿದ್ದರಲ್ಲ!

ಇಲ್ಲಿ ನಮ್ಮದೊಂದು ತಪ್ಪನ್ನು ಹೇಳಲೇಬೇಕು. ಟಿ.ಸಿ.ಎಚ್. ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಆಗಿದ್ದ ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರು ಇರಲಿಲ್ಲ, ಆಟೋಟದ ಹೊಣೆ ನಮಗೆ ಬಂತು. ನೂರು ಮೀಟರನ್ನು ಹೆಜ್ಜೆ ಹಾಕಿ ಅಳೆದು ಎರಡು ಕಲ್ಲು ನೆಟ್ಟೆವು. ಸ್ಟಾಪ್‌ವಾಚ್ ಇಲ್ಲ, ಕೈಗಡಿಯಾರ ನೋಡಿ ಗೆದ್ದವನಿಗೆ 11 ಸೆಕೆಂಡ್ ಎಂದೆವು. ಖುಷಿಯಲ್ಲಿ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ‘ಶಾಲಾ ದಾಖಲೆ: 100 ಮೀ – 11 ಸೆ’ ಎಂದು ಬರೆಸಿದೆವು. ಕೆಲವು ವರ್ಷದ ಮೇಲೆ ಟೇಪು, ಸ್ಟಾಪ್‌ವಾಚ್ ಎರಡೂ ಬಂದವು, ಹೊಸ ಟ್ರ್ಯಾಕ್ ಎಳೆದೆವು. ಒಬ್ಬ ಹುಡುಗ, ಕುರಿ ಕಾಯುವ ಮನೆಯವನು, ಗಾಳಿಯಂತೆ ಓಡುತ್ತಿದ್ದ. ಮೂರು ವರ್ಷ ಆ ಗೋಡೆಯನ್ನು ನೋಡಿಕೊಂಡು ಓಡಿದ. 12.4ರಿಂದ ಕೆಳಗೆ ಬರಲಿಲ್ಲ. ಜೋನಲ್ ಪಂದ್ಯಕ್ಕೆ ಹೆಸರು ಕೊಡು ಎಂದರೆ, “ನಮ್ಮ ಶಾಲಿ ಗೋಡೆದೇ ದಾಟಾಕ ಆಗಿಲ್ಲ ಸಾರ್, ಅಲ್ಲಿಗೆ ಹೋಗಿ ಏನ್ ಮಾಡ್ಲಿ” ಎಂದ. ಹತ್ತನೇ ತರಗತಿಯ ನಂತರ ಓಟ ಬಿಟ್ಟ.

ಅವನು ಹೋದ ಮೇಲೆ ಒಂದು ದಿನ, ಹುಲ್ಲು ಕೀಳಿಸುವಾಗ, ಹಳೆಯ ಕಲ್ಲುಗಳೆರಡೂ ಕಂಡವು. ಟೇಪು ಹಿಡಿಸಿದೆವು. 88 ಮೀಟರ್. ಕೈಗಡಿಯಾರದ ತಪ್ಪನ್ನು ಬಿಟ್ಟು ಬರೀ ತ್ರೈರಾಶಿ ಹಾಕಿದರೂ ಗೋಡೆಯ 11 ಸೆಕೆಂಡ್ ನೂರು ಮೀಟರಿಗೆ 12.5 ಆಗುತ್ತದೆ. ಹುಡುಗ ಅದನ್ನು ದಾಟಿ ಎಷ್ಟೋ ದಿನವಾಗಿತ್ತು. ಅದೇ ಸಂಜೆ ಸುಣ್ಣ ತಂದು ಬಳಿದೆವು. ಅವನಿಗೆ ಹೇಳೋಣವೆಂದರೆ ಮನೆಯವರೆಲ್ಲ ಗುಳೇ ಹೋಗಿದ್ದರು.

ಒಂಬತ್ತನೇ ತರಗತಿಯವರಿಗೆ ಇದನ್ನೆಲ್ಲ ಎರಡು ಪೀರಿಯಡ್ ಹೇಳಿದೆವು, ಆ ಹುಡುಗನ ಕಥೆಯನ್ನೂ ಸೇರಿಸಿ. ಮೋಸ ಎಂದಿದ್ದವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಈ ವಿಡಿಯೋದ ಕೆಳಗ ಹೆಂಗ ಮಾಡ್ಯಾರ ಅಂತ ಬರದಿದ್ರ ಮೋಸ ಅಲ್ಲ, ಬರೀದೇ ಇದ್ರ ಮೋಸ” ಎಂದ. ಸರಿ ಎಂದೆವು. ಈಗಿನ ನಮ್ಮ ಶಾಲೆಯ ಗೋಡೆಯಲ್ಲಿ ಹೆಸರು, ಕಾಲ ಅಲ್ಲದೆ ಇನ್ನೆರಡು ಕಾಲಂ ಹಾಕಿಸಿದ್ದೇವೆ: ‘ಯಾವುದರಿಂದ ಅಳೆದದ್ದು’, ‘ನೋಡಿದವರು ಯಾರು’. ಆ ಕಾಲಂಗಳಲ್ಲಿ ಏನೂ ಬರೆಯಲಾಗದ ಮೂರು ಹಳೆಯ ದಾಖಲೆಗಳನ್ನು ಸದ್ಯಕ್ಕೆ ಸೀಮೆಸುಣ್ಣದಲ್ಲಿ ಬರೆದಿದ್ದೇವೆ.

ಮೊನ್ನೆ ಏಳನೇ ತರಗತಿಯ ಒಬ್ಬಳು ಸ್ಟಾಫ್ ರೂಮಿಗೆ ಬಂದು, “ಸಾರ್, ಟೇಪು ಕೊಡ್ರಿ, ಗೋಡೆ ಮ್ಯಾಲಿನ ಉದ್ದಜಿಗಿತ ನಿಜಾನೋ ಸುಳ್ಳೋ ನೋಡ್ಬೇಕು” ಎಂದಳು. ಕೊಟ್ಟೆವು. ಟೇಪು ಇನ್ನೂ ವಾಪಸ್ ಬಂದಿಲ್ಲ.